ಸುಳ್ಳು ಹೆಸರು, ಸಾಚಾ ಪುಸ್ತಕ: ಹಾಫ್ನರ್ ಮಾತನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಆಧುನಿಕ ಯುರೋಪಿನ ಇತಿಹಾಸ ಪಾಠ ಮಾಡುತ್ತೇನೆ. ಸೆಬಾಸ್ಟಿಯನ್ ಹಾಫ್ನರ್ ಎಂಬ ಜರ್ಮನ್ ಪತ್ರಕರ್ತರ ‘ಡಿಫೈಯಿಂಗ್ ಹಿಟ್ಲರ್’ ಎಂಬ ನೆನಪಿನ ಪುಸ್ತಕವನ್ನು ಎರಡು ರಾತ್ರಿಯಲ್ಲಿ ಓದಿ ಮುಗಿಸಿದೆ. ಕೆಲವು ಪುಟಗಳನ್ನು ಮಕ್ಕಳಿಗೆ ಓದಿಸೋಣ ಅಂದುಕೊಂಡೆ. ಆದರೆ ನಮ್ಮ ವಿಭಾಗದ ಹಿರಿಯರೊಬ್ಬರು ಬೇಡ ಎಂದರು. 1939ರಲ್ಲಿ ಬರೆದದ್ದು ಎಂದು ಹೇಳಿಕೊಂಡು ಯುದ್ಧ ಮುಗಿದ ಮೇಲೆ ಬರೆದ ಪುಸ್ತಕವಂತೆ ಅದು. ಲೇಖಕರ ಹೆಸರೇ ಸುಳ್ಳು, ಇತಿಹಾಸದ ಪದವಿಯೂ ಇಲ್ಲ, ಕಾಲಕ್ಕೆ ತಕ್ಕಂತೆ ಬಣ್ಣ ಬದಲಿಸಿದ ಮನುಷ್ಯ ಎಂದೂ ಹೇಳಿದರು. ನನಗೆ ಪುಸ್ತಕ ಬಿಡಲು ಮನಸ್ಸಿಲ್ಲ. ಆದರೆ ತಪ್ಪು ಪುಸ್ತಕ ಇಟ್ಟುಕೊಂಡು ಪಾಠ ಮಾಡಿದೆ ಎನ್ನಿಸಿಕೊಳ್ಳುವುದೂ ಬೇಡ. ಏನು ಮಾಡಲಿ?

ಉತ್ತರ: ಮೇಡಂ, ನಿಮ್ಮ ಹಿರಿಯರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ತೊಂದರೆ ಏನೆಂದರೆ, ನಾಲ್ಕು ಬೇರೆ ಬೇರೆ ಆರೋಪಗಳನ್ನು ಅವರು ಒಂದೇ ಗಂಟು ಕಟ್ಟಿ ಕೊಟ್ಟಿದ್ದಾರೆ. ಒಂದೊಂದಾಗಿ ಬಿಚ್ಚೋಣ.

ಹೆಸರಿನ ವಿಷಯ ಬೇಗ ಮುಗಿಯುತ್ತದೆ. ಅವರ ನಿಜವಾದ ಹೆಸರು ರೈಮುಂಡ್ ಪ್ರೆಟ್ಸೆಲ್. 1907ರ ಡಿಸೆಂಬರ್ 27ರಂದು ಬರ್ಲಿನ್ನಿನಲ್ಲಿ ಹುಟ್ಟಿದರು. ತಂದೆ ಶಾಲೆಯ ಮುಖ್ಯೋಪಾಧ್ಯಾಯರು, ಆಮೇಲೆ ಜರ್ಮನಿಯ ಪ್ರಶ್ಯ ರಾಜ್ಯದ ಸರ್ಕಾರದಲ್ಲಿ ಶಿಕ್ಷಣ ಅಧಿಕಾರಿ. ಮಗ ಕಾನೂನು ಓದಿದ. 1938ರಲ್ಲಿ ಇಂಗ್ಲೆಂಡಿಗೆ ಹೋದ. ಅವನು ಮದುವೆಯಾಗಬೇಕಿದ್ದ ಎರಿಕಾ ಯಹೂದಿ ಮೂಲದವಳು, ಆಗ ಬಸುರಿ, ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿದ್ದಳು. ಅಲ್ಲಿ ಕೂತು ಹಿಟ್ಲರ್ ವಿರುದ್ಧ ಪುಸ್ತಕ ಬರೆದರೆ ಬರ್ಲಿನ್ನಿನಲ್ಲಿ ಉಳಿದ ಮನೆಯವರ ಗತಿ ಏನು? ಅದಕ್ಕೇ ಹೆಸರು ಬದಲಿಸಿದ. ಸಂಗೀತಗಾರ ಯೊಹಾನ್ ಸೆಬಾಸ್ಟಿಯನ್ ಬಾಖ್‌ನ ಹೆಸರಿನಿಂದ ಸೆಬಾಸ್ಟಿಯನ್ ತೆಗೆದುಕೊಂಡ, ಇನ್ನೊಬ್ಬ ಸಂಗೀತಗಾರ ಮೊಜಾರ್ಟ್‌ನ ಒಂದು ಸಿಂಫನಿಯ ಹೆಸರಿನಿಂದ ಹಾಫ್ನರ್. ಇದರಲ್ಲಿ ಮೋಸ ಹುಡುಕುವುದು ನ್ಯಾಯವಲ್ಲ. ಕಾವ್ಯನಾಮ ಇಟ್ಟುಕೊಂಡವರನ್ನೆಲ್ಲ ಸುಳ್ಳರು ಎನ್ನುತ್ತಾ ಹೋದರೆ ನಮ್ಮ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಎಷ್ಟು ಜನ ಉಳಿಯುತ್ತಾರೆ ಹೇಳಿ.

ನಕಲಿ ಎಂಬ ಮಾತು ಹಾಗಲ್ಲ. ಅದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಅದು ಸುಮ್ನೆ ಹುಟ್ಟಿದ ಗಾಳಿಮಾತಲ್ಲ.

ಹಾಫ್ನರ್ ಈ ಪುಸ್ತಕವನ್ನು 1939ರಲ್ಲಿ ಇಂಗ್ಲೆಂಡಿನಲ್ಲಿ ಶುರುಮಾಡಿದರು. ಬರೆಯುತ್ತಿರುವಾಗಲೇ ಯುದ್ಧ ಬಂತು. ಒಬ್ಬ ಯುವಕನ ನೆನಪಿನ ಕಥೆ ಆಗ ಸಾಲದು ಅನ್ನಿಸಿರಬೇಕು. ಇದನ್ನು ಅರ್ಧಕ್ಕೇ ಬಿಟ್ಟು ‘ಜರ್ಮನಿ: ಜೆಕಿಲ್ ಅಂಡ್ ಹೈಡ್’ ಎಂಬ ಬೇರೆ ಪುಸ್ತಕ ಬರೆದರು. ಅದು 1940ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅರ್ಧ ಬರೆದಿದ್ದ ಹಸ್ತಪ್ರತಿ ಹಾಗೇ ಉಳಿಯಿತು. 1999ರ ಜನವರಿ 2ರಂದು, 91ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮರುವರ್ಷ ಮಗ ಆಲಿವರ್ ಆ ಹಸ್ತಪ್ರತಿಯನ್ನು ಜರ್ಮನಿಯಲ್ಲಿ ಪ್ರಕಟಿಸಲು ಕೊಟ್ಟರು. ಜರ್ಮನ್ನಿನಲ್ಲಿ ಅದರ ಹೆಸರು ‘ಗೆಶಿಖ್ಟೆ ಐನೆಸ್ ಡಾಯ್ಚೆನ್’. ಅಂದರೆ ‘ಒಬ್ಬ ಜರ್ಮನ್ನನ ಕಥೆ’, ಅಷ್ಟೇ. ಪುಸ್ತಕ ಬಿಸಿ ದೋಸೆಯ ಹಾಗೆ ಖರ್ಚಾಯಿತು.

2001ರಲ್ಲಿ ಕೆಲವು ವಿದ್ವಾಂಸರು ತಕರಾರು ತೆಗೆದರು. ಇಷ್ಟು ಸರಿಯಾಗಿ, ಇಷ್ಟು ಮೊದಲೇ ಒಬ್ಬ ಯುವಕನಿಗೆ ಎಲ್ಲಾ ಹೇಗೆ ಕಂಡಿತು ಎಂದು ಕೇಳಿದರು. ಯಹೂದಿಗಳ ಮೇಲಿನ ದ್ವೇಷ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು 1939ರಲ್ಲೇ ಬರೆಯಲು ಸಾಧ್ಯವೇ? ಆಮೇಲೆ ತಿದ್ದಿ ಬರೆದಿರಬೇಕು ಎಂದರು. ಇದು ಇತಿಹಾಸದ ಕೆಲಸ ಮಾಡುವವರು ಕೇಳಲೇಬೇಕಾದ ಪ್ರಶ್ನೆ. ನಾನಾಗಿದ್ದರೂ ಕೇಳುತ್ತಿದ್ದೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಮನೆತನದವರು ತಮ್ಮ ಅಜ್ಜನ 1942ರ ದಿನಚರಿ ತಂದು ತೋರಿಸಿದರು. ಚಲೇಜಾವ್ ಚಳವಳಿಯ ದಿನಗಳ ವಿವರ, ಒಳ್ಳೆಯ ಕೈಬರಹ. ಓದುತ್ತಾ ಹೋದರೆ ಅಜ್ಜ ಮುಂದೆ ಆಗುವುದನ್ನೆಲ್ಲ ಮೊದಲೇ ಹೇಳಿದ್ದಾರೆ! ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದೆ. ಅಕ್ಷರದ ಗೆರೆ ಕಾಗದವನ್ನು ಒತ್ತಿತ್ತು, ಹಿಂಬದಿಯಲ್ಲಿ ಬೆರಳಿಗೆ ತಾಗುತ್ತಿತ್ತು. ಬಾಲ್‌ಪೆನ್ನು. 1942ರಲ್ಲಿ ನಮ್ಮ ಹಳ್ಳಿಯಲ್ಲಿ ಬಾಲ್‌ಪೆನ್ನು ಎಲ್ಲಿಂದ ಬರಬೇಕು? ಆ ಅಜ್ಜ ಮೋಸಗಾರರೇನೂ ಅಲ್ಲ. ಗೆದ್ದಲು ಹಿಡಿದ ಹಳೆಯ ಪುಸ್ತಕವನ್ನು ಎಷ್ಟೋ ವರ್ಷ ಆದಮೇಲೆ ಹೊಸದಕ್ಕೆ ನಕಲು ಮಾಡಿದ್ದರು. ಮಾಡುವಾಗ ಅಲ್ಲಲ್ಲಿ ಕೈ ತಾನಾಗಿಯೇ ತಿದ್ದಿದೆ. ಹಾಗಾಗಿ ಅದು ಸುಳ್ಳು ಪುಸ್ತಕವಲ್ಲ, ಆದರೆ 1942ರ ಪುಸ್ತಕವೂ ಅಲ್ಲ.

ಹಾಫ್ನರ್ ವಿಷಯದಲ್ಲೂ ಕೇಳಬೇಕಾಗಿದ್ದು ಇದನ್ನೇ. ಹಸ್ತಪ್ರತಿಯನ್ನು ಜರ್ಮನಿಯ ಕೇಂದ್ರ ಅಪರಾಧ ಪೊಲೀಸ್ ವಿಭಾಗ ಪರೀಕ್ಷೆ ಮಾಡಿತು. ಯುದ್ಧದ ನಂತರ ತಯಾರಾದದ್ದು ಎನ್ನಲು ಏನೂ ಸಿಗಲಿಲ್ಲ, 1930ರ ದಶಕದ ಕೊನೆಯ ಸಾಮಗ್ರಿಗೆ ಎಲ್ಲಾ ಹೊಂದುತ್ತಿತ್ತು. ಇದೇ ವಿಭಾಗ 1983ರಲ್ಲಿ, ಹಿಟ್ಲರನೇ ಬರೆದದ್ದು ಎಂದು ಮಾರಿದ ನಕಲಿ ‘ಹಿಟ್ಲರ್ ದಿನಚರಿ’ಗಳ ಬಣ್ಣ ಬಯಲು ಮಾಡಲು ನೆರವಾಗಿತ್ತು ಎನ್ನುವುದು ನೆನಪಿರಲಿ. ‘ಸ್ಟೆರ್ನ್’ ವಾರಪತ್ರಿಕೆ 93 ಲಕ್ಷ ಮಾರ್ಕ್ ಸುರಿದು ಸುಮಾರು 60 ಸಂಪುಟ ಕೊಂಡುಕೊಂಡಿತ್ತು. ಕಾಗದದಲ್ಲಿ ಯುದ್ಧದ ನಂತರವಷ್ಟೇ ಬಳಕೆಗೆ ಬಂದ ಬಿಳುಪು ರಾಸಾಯನಿಕ ಇತ್ತು. ಎರಡೇ ವಾರದಲ್ಲಿ ಮಾನ ಹೋಯಿತು. ರಟ್ಟಿನ ಮೇಲಿನ ಹಳೆಯ ಶೈಲಿಯ ಅಕ್ಷರಗಳಲ್ಲಿ ಅಡಾಲ್ಫ್‌ನ ‘ಎ’ ಇರಬೇಕಾದ ಕಡೆ ‘ಎಫ್’ ಅಂಟಿಸಿದ್ದರು, ಅದೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ! ಹಾಫ್ನರ್ ಹಿಂದೆ ಅಂಕಣ ಬರೆಯುತ್ತಿದ್ದ ಪತ್ರಿಕೆಯೇ ಅದು. ಆ ಹೊತ್ತಿಗೆ ಅವರು ಅಲ್ಲಿ ಇರಲಿಲ್ಲ ಅನ್ನಿ.

ಕಾಗದದ ಪರೀಕ್ಷೆಗಿಂತ ನನಗೆ ಜಾಸ್ತಿ ನಂಬಿಕೆ ತಂದ ಸಾಕ್ಷಿ ಬೇರೆ. 1940ರಲ್ಲಿ ಅಚ್ಚಾದ ಆ ಇನ್ನೊಂದು ಪುಸ್ತಕ. ಅದನ್ನು ಯಾರೂ ಆಮೇಲೆ ತಿದ್ದಲು ಸಾಧ್ಯವಿಲ್ಲ, ಅದು ಆಗಲೇ ಗ್ರಂಥಾಲಯಗಳ ಕಪಾಟು ಸೇರಿತ್ತು. ಹಿಟ್ಲರ್ ಸೋತರೆ ತನ್ನ ಪ್ರಾಣ ತಾನೇ ತೆಗೆದುಕೊಳ್ಳುವಂಥ ಮನುಷ್ಯ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಐದು ವರ್ಷ ಮೊದಲು! ಅಷ್ಟು ಮುಂದಕ್ಕೆ ನೋಡುವ ಕಣ್ಣು ಅವರಿಗೆ ಆಗಲೇ ಇತ್ತು ಅಂದಮೇಲೆ, ನೆನಪಿನ ಪುಸ್ತಕದಲ್ಲಿ ಅದೇ ಕಣ್ಣು ಕಂಡರೆ ಆಶ್ಚರ್ಯ ಏನು? ಮುಂದೆ 2002ರಲ್ಲಿ, ಜರ್ಮನಿಯ ಕೇಂದ್ರ ದಾಖಲೆ ಭಂಡಾರದಲ್ಲಿದ್ದ ಅವರ ಕಾಗದಗಳಲ್ಲಿ ಇನ್ನಷ್ಟು ಭಾಗಗಳು ಸಿಕ್ಕವು. ಅಲ್ಲಿಗೆ ಆ ಗಲಾಟೆ ಹೆಚ್ಚುಕಡಿಮೆ ತಣ್ಣಗಾಯಿತು. ನಿಮ್ಮ ಹಿರಿಯರ ಕಿವಿಗೆ ಆರೋಪ ಬಿದ್ದಿದೆ, ತೀರ್ಪು ಬಿದ್ದಿಲ್ಲ.

ಒಂದು ಸುಳ್ಳು ಮಾತ್ರ ಆ ಪುಸ್ತಕದಲ್ಲಿದೆ, ಅದನ್ನು ನಿಮ್ಮ ಹಿರಿಯರು ಹೇಳಲೇ ಇಲ್ಲ. ಇಂಗ್ಲಿಷ್ ಹೆಸರು. ‘ಡಿಫೈಯಿಂಗ್ ಹಿಟ್ಲರ್’ ಅಂದರೆ ಹಿಟ್ಲರನಿಗೆ ಎದೆಯೊಡ್ಡಿ ನಿಂತ ವೀರನ ಕಥೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಪುಸ್ತಕದ ಜೀವಾಳವೇ ಇದಕ್ಕೆ ಉಲ್ಟಾ. ಎದುರು ನಿಲ್ಲಲಾಗದೆ ಹೋದವನು ತನ್ನ ಸೋಲನ್ನು ತಾನೇ ಬರೆದುಕೊಂಡ ಪುಸ್ತಕ ಅದು.

1933ರ ಮಾರ್ಚ್ 31ರ ಪುಟಗಳನ್ನು ಮತ್ತೊಮ್ಮೆ ತೆಗೆದು ನೋಡಿ. ಹಿಟ್ಲರ್ ಚಾನ್ಸಲರ್ ಆಗಿ ಎರಡು ತಿಂಗಳು. ಮಾರನೇ ದಿನ ಯಹೂದಿ ಅಂಗಡಿಗಳ ಬಹಿಷ್ಕಾರ. 25ರ ಹುಡುಗ, ನ್ಯಾಯಾಲಯದ ತರಬೇತಿಯಲ್ಲಿದ್ದಾನೆ. ಬರ್ಲಿನ್ನಿನ ಉನ್ನತ ನ್ಯಾಯಾಲಯ ಕಾಮರ್‌ಗೆರಿಶ್ಟ್‌ನ ಗ್ರಂಥಾಲಯದಲ್ಲಿ ಕಡತ ಹರಡಿಕೊಂಡು ಕೂತಿದ್ದಾನೆ. ಒಂದೂವರೆ ಶತಮಾನದ ಹಿಂದೆ ರಾಜನ ಮಾತಿಗೆ ತೀರ್ಪು ಬದಲಿಸಲು ಒಪ್ಪದೆ ಜೈಲಿಗೆ ಹೋದ ನ್ಯಾಯಾಧೀಶರಿದ್ದ ನ್ಯಾಯಾಲಯ ಅದು. ಹೊರಗೆ ಬೂಟಿನ ಸದ್ದು, ಬಾಗಿಲು ಬಡಿಯುವ ಸದ್ದು. ಯಾರೋ ಎಸ್‌ಎ, ಅಂದರೆ ಹಿಟ್ಲರ್ ಪಕ್ಷದ ಕಂದು ಅಂಗಿಯ ದಂಡು, ಬಂತು ಎನ್ನುತ್ತಾರೆ. ಇನ್ಯಾರೋ ಯಹೂದಿಗಳನ್ನು ಹೊರಗೆ ಹಾಕುತ್ತಿದ್ದಾರೆ ಎನ್ನುತ್ತಾರೆ. ಒಂದಿಬ್ಬರು ನಗುತ್ತಾರೆ. ಆ ನಗುವೇ ಅವನನ್ನು ಬೆಚ್ಚಿಬೀಳಿಸುತ್ತದೆ. ಕಂದು ಅಂಗಿಯವನೊಬ್ಬ ಇವನ ಮೇಜಿನ ಮುಂದೆ ನಿಂತು, ನೀನು ಆರ್ಯನೋ ಎಂದು ಕೇಳುತ್ತಾನೆ. ಯೋಚನೆ ಬರುವ ಮೊದಲೇ ಇವನ ಬಾಯಿಂದ ‘ಹೌದು’ ಹೊರಬೀಳುತ್ತದೆ. ಅವನು ಇವನ ಮೂಗನ್ನೊಮ್ಮೆ ನೋಡಿ ಹೋಗುತ್ತಾನೆ. ಆಮೇಲೆ ಮುಖಕ್ಕೆ ರಕ್ತ ನುಗ್ಗುತ್ತದೆ. ಹೇಳಿದ್ದು ಸುಳ್ಳಲ್ಲ, ಅವನು ಯಹೂದಿ ಅಲ್ಲವೇ ಅಲ್ಲ. ಆದರೆ ನೆಮ್ಮದಿಯಾಗಿ ಕಡತದ ಮುಂದೆ ಕೂರುವುದಕ್ಕೋಸ್ಕರ ಅಂಥ ಪ್ರಶ್ನೆಗೆ ಉತ್ತರ ಕೊಟ್ಟೆನಲ್ಲ ಎಂಬ ನಾಚಿಕೆ.

ಯುದ್ಧ ಮುಗಿದ ಮೇಲೆ ಸುಳ್ಳು ನೆನಪು ಕಟ್ಟುವವನು ತನ್ನನ್ನು ಹೀಗೆ ತೋರಿಸಿಕೊಳ್ಳುತ್ತಾನಾ? 1945ರ ನಂತರ ಜರ್ಮನಿಯಲ್ಲಿ ಬಂದ ಆತ್ಮಕಥೆಗಳನ್ನು ಓದಿ ನೋಡಿ. ಎಲ್ಲರೂ ಒಳಗೊಳಗೇ ವಿರೋಧಿಸಿದವರು! ಇದು ಕಾನೂನಿನ ಸಾಕ್ಷಿಯಲ್ಲ, ಗೊತ್ತು. ಆದರೆ ಹಳೆಯ ಕಾಗದಗಳ ಜೊತೆ ಬಾಳಿದವರಿಗೆ ಇಂಥದ್ದು ತೂಕದ್ದೇ.

ಇನ್ನು ಪದವಿಯ ಮಾತು. ಹೌದು, ಅವರು ಇತಿಹಾಸದ ಪ್ರಾಧ್ಯಾಪಕರಲ್ಲ. ಕಾನೂನು ಓದಿದರು, ನಾಜಿ ಕಾನೂನಿನಲ್ಲಿ ವಕೀಲಿ ಮಾಡುವುದು ಬೇಡವೆಂದು ಕೈಬಿಟ್ಟರು, ಬರ್ಲಿನ್ನಿನ ಪತ್ರಿಕೆಗಳಿಗೆ ಫ್ಯಾಶನ್ ಮತ್ತು ಹಗುರ ಲೇಖನ ಬರೆದು ಹೊಟ್ಟೆ ಹೊರೆದರು. ಇಂಗ್ಲೆಂಡ್ 1940ರಲ್ಲಿ ಅವರನ್ನು ‘ಶತ್ರು ದೇಶದವನು’ ಎಂದು ಹಿಡಿದು ಶಿಬಿರಕ್ಕೆ ಹಾಕಿತು. ಅದೇ ವರ್ಷ ಅವರ ಪುಸ್ತಕ ಹಿಟ್ಲರನನ್ನು ಸೋಲಿಸುವುದು ಹೇಗೆ ಎಂದು ಇಂಗ್ಲಿಷರಿಗೆ ಹೇಳುತ್ತಿತ್ತು. ಬಿಡುಗಡೆಯಾದ ಮೇಲೆ ಲಂಡನ್ನಿನಿಂದ ಬರುತ್ತಿದ್ದ ಜರ್ಮನ್ ಪತ್ರಿಕೆಯಲ್ಲಿ ಕೆಲಸ. 1942ರಲ್ಲಿ ‘ಅಬ್ಸರ್ವರ್’ ಎಂಬ ಲಂಡನ್ನಿನ ಪತ್ರಿಕೆ ಸೇರಿದರು. ಕಲಿತ ಭಾಷೆಯಲ್ಲಿ ಇಂಗ್ಲಿಷರಿಗೇ ರಾಜಕೀಯ ವಿಶ್ಲೇಷಣೆ ಬರೆದು ಸೈ ಎನಿಸಿಕೊಂಡರು. ಚರ್ಚಿಲ್ ತನ್ನ ಮಂತ್ರಿಗಳಿಗೆಲ್ಲ ಇವರ ಪುಸ್ತಕ ಓದಿಸಿದ ಎಂಬ ಕಥೆಯೂ ಓಡಾಡುತ್ತದೆ. ಚೆನ್ನಾಗಿದೆ, ಆದರೆ ತರಗತಿಯಲ್ಲಿ ಅದನ್ನು ಕಥೆ ಎಂದೇ ಹೇಳಿ.

1954ರಲ್ಲಿ ಅದೇ ಪತ್ರಿಕೆಯ ವರದಿಗಾರರಾಗಿ ಬರ್ಲಿನ್ನಿಗೆ ಮರಳಿದರು. 1961ರಲ್ಲಿ, ಬರ್ಲಿನ್ ಗೋಡೆ ಎದ್ದ ವರ್ಷ, ಆ ಪತ್ರಿಕೆಯ ನಂಟು ಮುರಿಯಿತು. ನಿಮ್ಮ ಹಿರಿಯರು ‘ಬಣ್ಣ’ ಎಂದದ್ದು ಇಲ್ಲಿಂದ ಮುಂದಿನದನ್ನು. 50ರ ದಶಕದಲ್ಲಿ ಹಾಫ್ನರ್ ಸೋವಿಯತ್ತಿನ ಕಡು ವಿರೋಧಿ. 1962ರಲ್ಲಿ ಸರ್ಕಾರ ‘ಸ್ಪೀಗೆಲ್’ ಪತ್ರಿಕೆಯ ಕಚೇರಿಗೆ ಪೊಲೀಸರನ್ನು ನುಗ್ಗಿಸಿತು. ಆಗ ಇವರು ಪತ್ರಿಕಾ ಸ್ವಾತಂತ್ರ್ಯದ ಪರ ಗಟ್ಟಿಯಾಗಿ ನಿಂತರು. 1967ರ ಜೂನ್ 2ರಂದು ಬರ್ಲಿನ್ನಿನಲ್ಲಿ ಬೆನೊ ಓನೆಸೋರ್ಗ್ ಎಂಬ ವಿದ್ಯಾರ್ಥಿ ಪೊಲೀಸ್ ಗುಂಡಿಗೆ ಬಲಿಯಾದಾಗ ‘ಸ್ಟೆರ್ನ್’ನಲ್ಲಿ ಪೊಲೀಸರ ಮೇಲೆ ಹರಿಹಾಯ್ದರು. ಆಮೇಲೆ ಪೂರ್ವ ಯುರೋಪಿನ ಕಮ್ಯುನಿಸ್ಟ್ ದೇಶಗಳ ಜೊತೆ ರಾಜಿಗೆ ಹೊರಟ ಪಶ್ಚಿಮ ಜರ್ಮನಿಯ ನಾಯಕ ವಿಲ್ಲಿ ಬ್ರಾಂಟ್‌ರನ್ನು ಬೆಂಬಲಿಸಿದರು. ಬಲದವರಿಗೂ ಕೋಪ, ಎಡದವರಿಗೂ ಅನುಮಾನ. ಇದನ್ನು ಬಣ್ಣ ಬದಲಿಸುವುದು ಎನ್ನಬಹುದು. ನನಗೆ ಮಾತ್ರ ಬೇರೆಯೇ ಕಾಣುತ್ತದೆ. ಬೂಟಿನ ಸದ್ದು ಯಾವ ಕಡೆಯಿಂದ ಬಂದರೂ ಆ ಗ್ರಂಥಾಲಯದ ಹುಡುಗ ಎದ್ದು ನಿಲ್ಲುತ್ತಿದ್ದ. ಕೆಲವೊಮ್ಮೆ ಅತಿಯಾಗಿ, ತಪ್ಪಾಗಿ ಕೂಡ. ವಾರ ವಾರ ಅಂಕಣ ಬರೆಯುವವರಿಗೆ ಅದು ತಪ್ಪಿದ್ದಲ್ಲ.

ನಿಜವಾದ ಎಚ್ಚರ ಬೇಕಾಗುವುದು ಪತ್ರಕರ್ತ ಇತಿಹಾಸಕಾರನಾದ ಜಾಗದಲ್ಲಿ. 1978ರಲ್ಲಿ ಬಂದ ‘ಆನ್‌ಮೆರ್ಕುಂಗೆನ್ ಜು ಹಿಟ್ಲರ್’, ಅಂದರೆ ‘ಹಿಟ್ಲರ್ ಬಗ್ಗೆ ಟಿಪ್ಪಣಿಗಳು’, ಅವರ ಅತಿ ಹೆಸರಾದ ಪುಸ್ತಕ. ತೆಳ್ಳನೆಯದು, ಏಳೇ ಅಧ್ಯಾಯ: ಬದುಕು, ಸಾಧನೆ, ಯಶಸ್ಸು, ತಪ್ಪು ನಂಬಿಕೆ, ತಪ್ಪು ಹೆಜ್ಜೆ, ಅಪರಾಧ, ದ್ರೋಹ. ಟಿಪ್ಪಣಿಗಳು ಎಂದು ಹೆಸರು, ಒಳಗೆ ಒಂದೂ ಅಡಿಟಿಪ್ಪಣಿ ಇಲ್ಲ! ಪ್ರಾಧ್ಯಾಪಕರು ಸಾವಿರ ಪುಟದಲ್ಲಿ ಹೇಳಲಾಗದ್ದನ್ನು ಒಂದು ಪ್ಯಾರಾದಲ್ಲಿ ಹೇಳುತ್ತಾರೆ. ಓದುವಾಗ ತಲೆದೂಗಿಸುತ್ತದೆ. ಅಪಾಯವೂ ಅಲ್ಲೇ.

ಒಂದು ಉದಾಹರಣೆ. 1941ರ ಡಿಸೆಂಬರಿನಲ್ಲಿ ಮಾಸ್ಕೋ ಮುಂದೆ ಜರ್ಮನ್ ಸೇನೆ ಮುಗ್ಗರಿಸಿತು. ಯುದ್ಧ ಗೆಲ್ಲಲಾಗದು ಎಂದು ಹಿಟ್ಲರನಿಗೆ ಆಗಲೇ ಗೊತ್ತಾಯಿತು, ಅದಕ್ಕೇ ಅಮೆರಿಕದ ಮೇಲೆ ಯುದ್ಧ ಸಾರಿದ, ಗೆಲುವಿನ ಗುರಿ ಬಿಟ್ಟು ಯಹೂದಿಗಳನ್ನು ಮುಗಿಸುವ ಗುರಿಯನ್ನೇ ಹಿಡಿದ ಎನ್ನುವುದು ಹಾಫ್ನರ್ ವಾದ. ಎಷ್ಟು ನುಣುಪಾಗಿ ಕೂಡಿಕೊಳ್ಳುತ್ತದೆ ನೋಡಿ. ಆದರೆ ಸೋವಿಯತ್ ನೆಲದಲ್ಲಿ ಸಾಮೂಹಿಕ ಹತ್ಯೆ 1941ರ ಬೇಸಿಗೆಯಲ್ಲೇ ಶುರುವಾಗಿತ್ತು. ಕೀವ್ ಪಕ್ಕದ ಬಾಬಿ ಯಾರ್ ಕಮರಿಯಲ್ಲಿ ಸೆಪ್ಟೆಂಬರ್ 29 ಮತ್ತು 30ರಂದು, ಎರಡೇ ದಿನದಲ್ಲಿ 33,771 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಕೊಂದವರೇ ಬರೆದಿಟ್ಟ ಲೆಕ್ಕ ಅದು. ಆಗಿನ್ನೂ ಜರ್ಮನ್ನರು ಗೆಲ್ಲುತ್ತಿದ್ದರು. ಅಂದರೆ ಸೋಲಿನ ಅರಿವಿನಿಂದ ಹತ್ಯೆ ಬಂತು ಎಂಬ ಸರಳ ಗೆರೆ ಸಾಲದು. ಹಾಫ್ನರ್ ಬರೆಯುವಾಗ ಎಷ್ಟೋ ದಾಖಲೆ ಸೋವಿಯತ್ ಭಂಡಾರಗಳಲ್ಲಿ ಬೀಗ ಹಾಕಿಕೊಂಡಿದ್ದವು ಎಂಬುದನ್ನೂ ಹೇಳಬೇಕು.

ಇನ್ನೊಂದು ಅಪಾಯ ‘ಸಾಧನೆ’ಯ ಅಧ್ಯಾಯ. 60 ಲಕ್ಷ ನಿರುದ್ಯೋಗಿಗಳಿದ್ದ ದೇಶದಲ್ಲಿ ಮೂರ್ನಾಲ್ಕು ವರ್ಷದಲ್ಲಿ ಎಲ್ಲರಿಗೂ ಕೆಲಸ ಸಿಕ್ಕಿತು, ಜನ ಮರುಳಾದದ್ದು ಅದಕ್ಕೇ ಎಂದು ಅವರು ಬಚ್ಚಿಡದೆ ಬರೆಯುತ್ತಾರೆ. ಮುಂದಿನ ಅಧ್ಯಾಯಗಳಲ್ಲಿ ಅದೇ ಮನುಷ್ಯನನ್ನು ನೆಲಸಮ ಮಾಡುತ್ತಾರೆ. ಕೊನೆಗೆ, 1945ರ ಮಾರ್ಚ್ 19ರಂದು ತನ್ನ ದೇಶದ ಸೇತುವೆ, ಕಾರ್ಖಾನೆಗಳನ್ನೇ ನಾಶಮಾಡಲು ಹಿಟ್ಲರ್ ಆದೇಶ ಕೊಟ್ಟನಲ್ಲ, ಜರ್ಮನ್ನರಿಗೇ ಅವನು ದ್ರೋಹ ಮಾಡಿದ ಎನ್ನುತ್ತಾರೆ. ಏಳೂ ಅಧ್ಯಾಯ ಒಟ್ಟಿಗೆ ಓದಿದರೆ ಸರಿ. ಎರಡನೆಯದನ್ನಷ್ಟೇ ಜೆರಾಕ್ಸ್ ಮಾಡಿ ಹಂಚಿದರೆ? ನಿಮ್ಮ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಅದು ಏನಾಗುತ್ತದೆ ಎಂದು ನಿಮಗೇ ಗೊತ್ತು ಅಲ್ವಾ.

ಹಾಗಾದರೆ ನೀವೇನು ಮಾಡಬಹುದು? ನಾನಾಗಿದ್ದರೆ ಹಿಟ್ಲರ್ ಟಿಪ್ಪಣಿಯನ್ನು ನಿಮ್ಮ ಮೇಜಿನ ಮೇಲೇ ಇಟ್ಟುಕೊಳ್ಳುತ್ತಿದ್ದೆ, ಮಕ್ಕಳ ಕೈಗೆ ಕೊಡುತ್ತಿರಲಿಲ್ಲ. ನೆನಪಿನ ಪುಸ್ತಕವನ್ನು ಧಾರಾಳವಾಗಿ ಓದಿಸುತ್ತಿದ್ದೆ. ಆದರೆ ಸಾಕ್ಷಿಯ ಹೇಳಿಕೆಯಾಗಿ, ಘಟನೆಗಳ ಪಟ್ಟಿಯಾಗಿ ಅಲ್ಲ. ಅವರು ಮಧ್ಯಮ ವರ್ಗದವರು, ಬರ್ಲಿನ್ನಿನವರು, ಯಹೂದಿ ಅಲ್ಲದವರು. ಆರು ವರ್ಷದ ನಂತರ ನೆನಪಿನಿಂದ ಬರೆದ ಸಂಭಾಷಣೆಗಳು ಮಾತಿಗೆ ಮಾತು ಹಾಗೇ ನಡೆದಿರಲು ಸಾಧ್ಯವಿಲ್ಲ. 1914ರಲ್ಲಿ ಶಾಲೆಯ ಹುಡುಗರಾಗಿದ್ದವರಿಗೆ ಯುದ್ಧ ಒಂದು ದೊಡ್ಡ ಆಟವಾಗಿತ್ತು, ನಾವು ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ಅವರು ಸೈನ್ಯದ ಪ್ರಕಟಣೆ ನೋಡುತ್ತಿದ್ದರು, ನಾಜಿ ಪಕ್ಷದ ಬೇರು ಆ ತಲೆಮಾರಿನಲ್ಲಿದೆ ಎಂಬ ಅವರ ವಾದ ನನಗೆ ಬಹಳ ಇಷ್ಟ. ಆದರೂ ಅದು ವಾದವೇ. ಒಂದು ಇಡೀ ತಲೆಮಾರನ್ನು ತನ್ನ ಓಣಿಯ ಹುಡುಗರಿಂದ ಅಳೆದದ್ದು.

ಈ ಕೊರತೆ ತುಂಬಲು ಜೊತೆಗೆ ವಿಕ್ಟರ್ ಕ್ಲೆಂಪರರ್ ದಿನಚರಿಯ ಕೆಲವು ಪುಟ ಇಡಿ. ಡ್ರೆಸ್ಡೆನ್ನಿನ ಪ್ರಾಧ್ಯಾಪಕ, ಯಹೂದಿ ಮನೆತನದಲ್ಲಿ ಹುಟ್ಟಿದವರು. 1933ರಿಂದ 1945ರ ತನಕ ಜೀವ ಕೈಯಲ್ಲಿ ಹಿಡಿದು ಬರೆದಿಟ್ಟರು. ಅದು ಪುಸ್ತಕವಾಗಿ ಬಂದದ್ದು 1995ರಲ್ಲಿ. ಹಾಫ್ನರ್‌ಗೆ ‘ಹೌದು’ ಎನ್ನುವ ಅವಕಾಶ ಇತ್ತು, ಕ್ಲೆಂಪರರ್‌ಗೆ ಇರಲಿಲ್ಲ. ಆ ವ್ಯತ್ಯಾಸವನ್ನು ನೀವು ವಿವರಿಸಬೇಕಾಗಿಯೇ ಇಲ್ಲ. ತೊಂದರೆ ಒಂದೇ, ಸಮಯ. ಎರಡೂ ಸೇರಿದರೆ ನಾಲ್ಕು ಪೀರಿಯಡ್ ಹೋಗುತ್ತದೆ, ಸಿಲಬಸ್ ಮುಗಿಸುವ ಒತ್ತಡ ನಿಮಗೆ ಇದ್ದೇ ಇರುತ್ತದೆ.

ಒಂದೇ ಪೀರಿಯಡ್ ಸಿಕ್ಕರೆ 1923ರ ಹಣದುಬ್ಬರದ ಪುಟ ಸಾಕು. ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿತ್ತು ಎಂದು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಸೊನ್ನೆ ಎಣಿಸಿ ಮರೆಯುತ್ತಾರೆ. ಹಾಫ್ನರ್ ತೋರಿಸುವುದು ಸಂಬಳದ ದಿನವನ್ನು. ಅಪ್ಪನ ಸಂಬಳ ಕೈಗೆ ಬಂದ ಕೂಡಲೇ ರೈಲಿನ ತಿಂಗಳ ಪಾಸು, ಬಾಡಿಗೆ, ಶಾಲೆಯ ಫೀಸು. ಮನೆಯವರೆಲ್ಲ ಒಟ್ಟಿಗೆ ಕ್ಷೌರಕ್ಕೆ. ಉಳಿದದ್ದು ಅಮ್ಮನ ಕೈಗೆ. ಮಾರನೇ ದಿನ ಬೆಳಗಿನ ಜಾವ ನಾಲ್ಕೈದು ಗಂಟೆಗೆ ಎದ್ದು, ಅಪ್ಪನನ್ನು ಬಿಟ್ಟು ಎಲ್ಲರೂ ಟ್ಯಾಕ್ಸಿಯಲ್ಲಿ ಸಗಟು ಮಾರುಕಟ್ಟೆಗೆ. ಆಲೂಗಡ್ಡೆ, ಚೀಸ್, ಹಂದಿಯ ತೊಡೆ, ಕೆಡದೆ ಉಳಿಯುವಂಥದ್ದೆಲ್ಲ. ಟ್ಯಾಕ್ಸಿಯಲ್ಲಿ ಹಿಡಿಸದಿದ್ದರೆ ಕೈಗಾಡಿ. ಒಂದು ಗಂಟೆಯಲ್ಲಿ ದೊಡ್ಡ ಅಧಿಕಾರಿಯ ಇಡೀ ತಿಂಗಳ ಸಂಬಳ ಖಾಲಿ. ಎಂಟು ಗಂಟೆಗೆ, ಶಾಲೆಗೆ ಹೊತ್ತಾಗುವ ಮೊದಲು, ಮನೆಗೆ ವಾಪಸ್. ಮುಂದಿನ ಸಂಬಳದ ತನಕ ಮನೆಯಲ್ಲಿ ಕಾಸಿಲ್ಲ.

ಪುಸ್ತಕ ತರಿಸುವಾಗ ಒಂದು ಗಮನದಲ್ಲಿರಲಿ. ಜರ್ಮನ್ ಗೊತ್ತಿರುವ ಸಹೋದ್ಯೋಗಿ ಇದ್ದು ಮೂಲ ಕೊಳ್ಳುವುದಾದರೆ 2002 ಅಥವಾ ಆಮೇಲಿನ ಆವೃತ್ತಿ ಕೇಳಿ. ಆಮೇಲೆ ಸಿಕ್ಕ ಭಾಗಗಳು 2000ದ ಮೊದಲ ಮುದ್ರಣದಲ್ಲಿ ಇಲ್ಲ. ಇಂಗ್ಲಿಷ್ ಅನುವಾದ ಮಗ ಆಲಿವರ್ ಪ್ರೆಟ್ಸೆಲ್ ಅವರದ್ದೇ. ಮಕ್ಕಳಿಗೆ ಕೊಡುವ ಪ್ರತಿಯಲ್ಲಿ ಆ ಇಂಗ್ಲಿಷ್ ಶೀರ್ಷಿಕೆಯ ಕೆಳಗೆ ಪೆನ್ಸಿಲ್ಲಿನಲ್ಲಿ ಜರ್ಮನ್ ಹೆಸರಿನ ಅರ್ಥ ಬರೆದುಬಿಡಿ.